ಡಿಶ್‌ವಾಶರ್ ಮಾರುವ ಮುನ್ನ ಬಾವಿಯ ವಿಚಾರ

2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬಾರದಾದಾಗ ದೇಶದಲ್ಲಿ ಡಿಶ್‌ವಾಶರ್‌ಗೆ ಬೇಡಿಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗೃಹೋಪಯೋಗಿ ಮಳಿಗೆಗಳಿಗೆ ಇದು ಸದವಕಾಶವೇ ಸರಿ. ಆದರೆ ಬೆಲೆ, ಬ್ರ್ಯಾಂಡುಗಳ ಮಾತಿಗೆ ಮೊದಲು ಗ್ರಾಹಕರಲ್ಲಿ ವಿಚಾರಿಸಬೇಕಾದುದು ಮನೆಯ ನೀರು ಎಲ್ಲಿಯದು ಎಂಬುದನ್ನು.

ಯಂತ್ರದೊಳಗೆ ಉಪ್ಪು ತುಂಬುವ ಕೋಶವೊಂದಿರುತ್ತದೆ. ಗಡಸು ನೀರನ್ನು ಮೆದುಗೊಳಿಸುವುದಷ್ಟೇ ಅದರ ಕೆಲಸ. ಸೌಪರ್ಣಿಕಾ, ವಾರಾಹಿ, ಸೀತಾ ನದಿಗಳ ಅಳಿವೆ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ನುಗ್ಗುವ ಉಪ್ಪುನೀರಿಗೆ ಅದು ಮದ್ದಲ್ಲ. ಅಂಥ ನೀರು ಸ್ಟೀಲನ್ನೂ ತಿನ್ನುತ್ತದೆ. ಉಪ್ಪು ಹಾಕುವ ಯಂತ್ರಕ್ಕೆ ಉಪ್ಪುನೀರಿನ ಭಯವೇ ಎಂದು ಗ್ರಾಹಕರು ನಕ್ಕಾರು. ವಿವರಿಸುವ ತಾಳ್ಮೆ ವ್ಯಾಪಾರಿಗಿರಬೇಕು.

ಇನ್ನು ಪಾತ್ರೆಗಳು. ಮೀನು ಸಾರಿನ ಮಣ್ಣಿನ ಮಡಕೆ, ನೀರುದೋಸೆಯ ಕಬ್ಬಿಣದ ಕಾವಲಿ, ಹಿತ್ತಾಳೆ, ಅಲ್ಯೂಮಿನಿಯಂ, ಮರದ ಸೌಟು ಇವಾವುವೂ ಯಂತ್ರಕ್ಕೆ ಸಲ್ಲವು. ಇವನ್ನೇ ನಿತ್ಯ ಬಳಸುವ ಮನೆಗೆ ‘ಇನ್ನು ಕೈಕೆಲಸವೇ ಇಲ್ಲ’ ಎಂದು ಮಾರುವುದು ಮೋಸಕ್ಕೆ ಬಹಳ ದೂರವಲ್ಲ. ಕೂಡುಕುಟುಂಬದ ಸ್ಟೀಲು ತಟ್ಟೆ, ಲೋಟಗಳ ರಾಶಿಗಾದರೆ 13–14 ಸೆಟ್ಟಿನ ಯಂತ್ರ ನಿಜಕ್ಕೂ ನೆರವು.

ಆನ್‌ಲೈನ್ ರಿಯಾಯಿತಿಯೆದುರು ಊರಿನ ಅಂಗಡಿ ಸೆಣಸುವುದು ಕಷ್ಟ. ನೀರಿನ ಪರೀಕ್ಷೆ, 16 ಆಂಪಿಯರ್ ಪ್ಲಗ್ಗು ಹಾಗೂ ಅರ್ತಿಂಗಿನ ತಪಾಸಣೆ, ಉಪ್ಪು ಮತ್ತು ಪುಡಿಯ ದಾಸ್ತಾನು, ಕರೆದೊಡನೆ ಬರುವ ಮೆಕ್ಯಾನಿಕ್ ಇವು ಮಾತ್ರ ಅದರ ಕೈಯಲ್ಲೇ ಇವೆ. ಒಂದೊಂದು ಅಂಗಡಿಗೆ ಮೆಕ್ಯಾನಿಕ್ ಭಾರವೆನಿಸಿದರೆ, ಮೂರು ಪೇಟೆಗಳ ವ್ಯಾಪಾರಿಗಳು ಸೇರಿ ಒಬ್ಬನಿಗೆ ತರಬೇತಿ ಕೊಡಿಸಬಹುದು.