ಒಂದೇ ಗಂಟೆ, ಆದರೆ ಯಾರ ಮನೆಯಿಂದ?

‘ಬೆಂಗಳೂರು ಈಗ ಒಂದೇ ಗಂಟೆ ದಾರಿ ಕಣ್ರೀ’ ಅನ್ನುವವರು ನಮ್ಮ ಕಡೂರು ಕಡೆ ಜಾಸ್ತಿಯಾಗಿದ್ದಾರೆ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 27ಕ್ಕೆ. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅವತ್ತಿನಿಂದ ಇದೇ ಮಾತು. ಯಾರ ಮನೆಯಿಂದ ಒಂದು ಗಂಟೆ ಅಂತ ಮಾತ್ರ ಯಾರೂ ಹೇಳಲ್ಲ.

ಲೆಕ್ಕ ಹಾಕೋಣ ಬನ್ನಿ. ಸೋಗಾನೆಯಿಂದ ದೇವನಹಳ್ಳಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಹಾರಾಟಕ್ಕೆ ಒಂದು ಗಂಟೆ, ಸ್ವಲ್ಪ ಆಚೀಚೆ. ಇದೇನೂ ಸುಳ್ಳಲ್ಲ. ಆದರೆ ಆ ಒಂದು ಗಂಟೆಗಾಗಿ ಕಡೂರಿನವನು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ, ಬೀರೂರು, ತರೀಕೆರೆ, ಭದ್ರಾವತಿ ದಾಟಿ ಅರವತ್ತೆಪ್ಪತ್ತು ಕಿ.ಮೀ. ಹೋಗಬೇಕು. ಅಲ್ಲಿಗೆ ಒಂದೂವರೆ ಗಂಟೆ. ವಿಮಾನ ಹೊರಡುವ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಲಗೇಜಿಗೆ ಕಾದು, ಮೆಜೆಸ್ಟಿಕ್ಕಿಗೆ ಇನ್ನೂ 35 ಕಿ.ಮೀ. ಹೆಬ್ಬಾಳದ ಟ್ರಾಫಿಕ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಎಲ್ಲಾ ಕೂಡಿಸಿ, ಐದು ಗಂಟೆ ಆಗುತ್ತೆ. ಕಡೂರಿನಲ್ಲಿ ಎಕ್ಸ್‌ಪ್ರೆಸ್ ರೈಲು ಹತ್ತಿದವನು ಮೂರು, ಮೂರೂವರೆ ಗಂಟೆಯಲ್ಲಿ ಮೆಜೆಸ್ಟಿಕ್ ಎದುರಿಗೇ ಇಳಿದು, ಕಾಫಿ ಕುಡಿದು, ಕೆಲಸಕ್ಕೆ ಹೊರಟಿರುತ್ತಾನೆ.

ಅಜ್ಜಂಪುರದ ಕಥೆ ಇನ್ನೂ ಚೆಂದ. ನಕಾಶೆ ಮೇಲೆ ಅಡಿಪಟ್ಟಿ ಇಟ್ಟು ನೋಡಿ, ಸೋಗಾನೆ–ದೇವನಹಳ್ಳಿ ಗೆರೆ ಹೆಚ್ಚುಕಮ್ಮಿ ಅಜ್ಜಂಪುರದ ಮೇಲೇ ಹಾದುಹೋಗುತ್ತದೆ. ಅಂದರೆ ಅಲ್ಲಿನವರು ತರೀಕೆರೆ ಮೇಲೆ ಸೋಗಾನೆಗೆ ಹೋಗಿ, ವಿಮಾನ ಹತ್ತಿ, ತಮ್ಮದೇ ಮನೆ ಹೆಂಚಿನ ಮೇಲೆ ಹಾರಿ ಬೆಂಗಳೂರು ಸೇರಬೇಕು! (ಹೈದರನ ಫಿರಂಗಿ ಎಳೆದು ಹೆಸರಾದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಇರುವ ಊರದು. ವೇಗದ ಪಾಠ ಅವರಿಗೆ ಬೇಡ.)

ವಿಮಾನ ನಿಲ್ದಾಣವೇ ದಂಡ ಅಂತ ನಾನು ಹೇಳುತ್ತಿಲ್ಲ. ಹೈದರಾಬಾದಿಗೋ ತಿರುಪತಿಗೋ ಹೋಗುವವರಿಗೆ ಅದರಿಂದ ಸಮಯ ಉಳಿದರೆ ಉಳಿಯಲಿ. ನನ್ನ ತಕರಾರು ಬೇರೆ. ರೈಲಿನ ಮಾತೆತ್ತಿದರೆ ಸಾಕು, ‘ಏರ್‌ಪೋರ್ಟೇ ಬಂದಿದೆಯಲ್ಲ’ ಅಂತ ಬಾಯಿ ಮುಚ್ಚಿಸುತ್ತಾರಲ್ಲ, ಅದು. 3,200 ಮೀಟರಿನ ರನ್‌ವೇ, ತಾವರೆ ಆಕಾರದ ಟರ್ಮಿನಲ್, ಸುಮಾರು 450 ಕೋಟಿ ಖರ್ಚು. ನಿಲ್ದಾಣ ನಡೆಸುವುದು ರಾಜ್ಯ ಸರ್ಕಾರದ್ದೇ ಸಂಸ್ಥೆ. ಉಡಾನ್ ಮಾರ್ಗಗಳಲ್ಲಿ ವಿಮಾನ ಕಂಪನಿಗಳ ಕೊರತೆ ತುಂಬಿಕೊಡುವುದೂ ಸರ್ಕಾರಗಳೇ. ಇಷ್ಟಕ್ಕೆಲ್ಲ ದುಡ್ಡಿದೆ. ಬೀರೂರು–ಶಿವಮೊಗ್ಗ ರೈಲುಮಾರ್ಗ ಬಂದಿದ್ದು 1899ರಲ್ಲಿ. ನಾನಿದನ್ನು ಬರೆಯುವ ಹೊತ್ತಿಗೂ ಅಲ್ಲಿ ಒಂದೇ ಹಳಿ. ಎದುರಿನ ಗಾಡಿ ಬರೋವರೆಗೂ ಈ ಗಾಡಿ ಕ್ರಾಸಿಂಗಿಗೆ ಕಾಯಬೇಕು. ಅಜ್ಜಂಪುರದ ಮುಂದೆ ಹಳಿಯೇನೋ ಜೋಡಿಯಾಗಿದೆ, ಆದರೆ ಜೋರಾಗಿ ಓಡುವ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ, ಹಾರ್ನ್ ಹೊಡೆದು ಹೋಗುತ್ತವೆ.

ಬೆಳಿಗ್ಗೆ ಕಾಲೇಜಿಗೆ, ಆಸ್ಪತ್ರೆಗೆ, ಕೋರ್ಟಿಗೆ ಹೊರಡುವವರಲ್ಲಿ ವಿಮಾನದ ಟಿಕೆಟ್ಟು ಎಷ್ಟು ಜನರ ಜೇಬಲ್ಲಿರುತ್ತೆ ಹೇಳಿ.

ಮುಂದಿನ ಸಲ ವೋಟು ಕೇಳೋಕೆ ಬಂದವರು ‘ಒಂದೇ ಗಂಟೆ’ ಅಂದರೆ ಕೂರಿಸಿ, ನೀರು ಕೊಡಿ, ಆಮೇಲೆ ಕೇಳಿ: ತರೀಕೆರೆಗೆ ಎರಡನೇ ಹಳಿ ಯಾವಾಗ? ಅಜ್ಜಂಪುರದಲ್ಲಿ ಇನ್ನೆಷ್ಟು ರೈಲು ನಿಲ್ಲಿಸುತ್ತೀರಿ? ಹೋಗಲಿ, ಆ ವಿಮಾನದ ಟೈಮಿಗೆ ಸರಿಯಾಗಿ ಕಡೂರಿನಿಂದ ಸೋಗಾನೆಗೆ ಒಂದು ಬಸ್ಸಾದರೂ ಬಿಡ್ತೀರಾ?