ಅಪ್ಪ–ಅಮ್ಮನ ನಂತರ ಅಣ್ಣನಿಗೆ ಯಾರು?

ನಾನು ಚೆನ್ನೈಗೆ ಬಂದು ಒಂಬತ್ತು ವರ್ಷ. ‘ನಿಮ್ಮ ಅಣ್ಣ ಏನು ಮಾಡ್ತಾರೆ?’ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ, ‘ಚನ್ನಗಿರಿ ಹತ್ತಿರ ತೋಟ ನೋಡಿಕೊಳ್ತಾನೆ’ ಎನ್ನುತ್ತಿದ್ದೆ. ಅದು ಅರ್ಧ ಸತ್ಯ. ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ.

ಡಿಗ್ರಿ ಎರಡನೇ ವರ್ಷದಲ್ಲಿ, ಯಾರೋ ತನ್ನನ್ನು ಬೈಯುವುದು ಕೇಳಿಸುತ್ತಿದೆ ಎಂದು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಹರಕೆ, ಮಂತ್ರಿಸಿದ ದಾರ ಎಂದು ಎರಡು ವರ್ಷ ಸುತ್ತಿ ಆಮೇಲೆ ಆಸ್ಪತ್ರೆಗೆ ಹೋದೆವು. ಅದು ನಮ್ಮ ಮೊದಲ ತಪ್ಪು. ಹುಷಾರಾದ ಮೇಲೆ ‘ಇನ್ನೇಕೆ ಮಾತ್ರೆ’ ಎಂದು ನಿಲ್ಲಿಸಿದ್ದು ಎರಡನೆಯದು. ಆರೇ ತಿಂಗಳಲ್ಲಿ ಕಾಯಿಲೆ ಮರುಕಳಿಸಿತು.

ಈ ಕಾಯಿಲೆ ಬಂದರೆ ಬದುಕು ಮುಗಿದಂತೆ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ ಎನ್ನುವುದಕ್ಕೆ ನಾನಿರುವ ಊರಿನಲ್ಲೇ ಸಾಕ್ಷಿಯಿದೆ. 1981ರಲ್ಲಿ ಮದ್ರಾಸಿನ ವೈದ್ಯರು, ಆಗಷ್ಟೇ ಈ ಕಾಯಿಲೆ ಶುರುವಾಗಿದ್ದ 90 ಜನರನ್ನು ಗುರುತಿಸಿ ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದರು. ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರ ಅಧ್ಯಯನವದು. ಹತ್ತು ವರ್ಷದ ಹೊತ್ತಿಗೆ, ಸಂಪರ್ಕದಲ್ಲಿ ಉಳಿದಿದ್ದವರಲ್ಲಿ ಹೆಚ್ಚಿನವರ ಲಕ್ಷಣಗಳು ಹತೋಟಿಗೆ ಬಂದಿದ್ದವು. ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದರು. ಹಾಗೆಂದು ಎಲ್ಲರದೂ ಸುಖಾಂತ್ಯವಲ್ಲ. ಏಳುಬೀಳುಗಳಿದ್ದವು, ಅಕಾಲದಲ್ಲಿ ತೀರಿಕೊಂಡವರೂ ಇದ್ದರು.

ಸಮಸ್ಯೆಯನ್ನು ‘ಕ್ಲೋಸ್’ ಮಾಡಿ ಮುಂದಕ್ಕೆ ಹೋಗುವುದು ಸಾಫ್ಟ್‌ವೇರ್‌ನವರ ಅಭ್ಯಾಸ. ಇದು ಹಾಗೆ ಮುಗಿಯುವಂಥದ್ದಲ್ಲ. ಬಿಪಿ, ಸಕ್ಕರೆ ಕಾಯಿಲೆಯಂತೆ ನಿಭಾಯಿಸುತ್ತಾ ಹೋಗಬೇಕು. ಬೇಗ ಚಿಕಿತ್ಸೆ, ತಪ್ಪದ ಮಾತ್ರೆ, ಕೈಗೊಂದು ಕೆಲಸ, ಹಂಗಿಸದ ಮನೆ – ಇವಿದ್ದರೆ ಬದುಕು ನಡೆಯುತ್ತದೆ. ಅಣ್ಣ ಈಗ ಅಡಿಕೆ ಕೊಯ್ಲಿನ ಲೆಕ್ಕ ಬರೆಯುತ್ತಾನೆ. ಒಂದು ರೂಪಾಯಿ ಹೆಚ್ಚುಕಮ್ಮಿ ಆಗುವುದಿಲ್ಲ.

ಆದರೆ ಇದೆಲ್ಲ ನಿಂತಿರುವುದು ದಿನಾ ರಾತ್ರಿ ಊಟವಾದ ಮೇಲೆ ಮಾತ್ರೆ ಕೊಡುವ ಅಮ್ಮನ ಮೇಲೆ. ಅಮ್ಮನಿಗೆ ಅರವತ್ತೆಂಟು. ಹೊರರಾಜ್ಯದಲ್ಲಿರುವ ನಮ್ಮಂಥವರು ತಿಂಗಳಿಗಿಷ್ಟು ಹಣ ಕಳಿಸಿ ಜವಾಬ್ದಾರಿ ಮುಗಿಯಿತೆಂದುಕೊಳ್ಳುತ್ತೇವೆ. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಕಾಯಿಲೆಗಿಂತ ಈ ಮೌನವೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ.

ಅಪ್ಪ–ಅಮ್ಮ ಗಟ್ಟಿಯಾಗಿರುವಾಗಲೇ ಮಾಡಬೇಕಾದ ಕೆಲಸಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅರ್ಹತೆ ಇದ್ದರೆ ಪ್ರಮಾಣಪತ್ರ ಮಾಡಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿ ತೆಗೆದು ನೋಡಿ. ವೈದ್ಯರ ನಂಬರ್, ಮಾತ್ರೆಯ ಹೆಸರು, ಡೋಸ್ ನಿಮ್ಮ ಫೋನಿನಲ್ಲಿರಲಿ. ಟೆಲಿ–ಮಾನಸ್ 14416 ಊರಿನವರಿಗೂ ಗೊತ್ತಿರಲಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ಹಕ್ಕಿದೆ. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿ ಯಾರೆಂದು ಕಾಯಿಲೆಯಿರುವ ವ್ಯಕ್ತಿಯೇ ಬರೆದುಕೊಡಬಹುದು. ಕಳೆದ ದೀಪಾವಳಿಗೆ ಹೋದಾಗ ಅಣ್ಣನನ್ನು ಕೇಳಿದೆ. ನನ್ನ ಹೆಸರನ್ನೇ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಭದ್ರಾವತಿಯ ಅಕ್ಕನ ಹೆಸರು ಹೇಳಿದ.

‘ಯಾಕೋ, ನಾನಿಲ್ವಾ?’ ಎಂದೆ.

‘ನೀನು ಯಾವಾಗ್ಲೂ ಮೀಟಿಂಗ್‌ನಲ್ಲೇ ಇರ್ತೀಯ. ಅಕ್ಕ ಫೋನ್ ಎತ್ತುತ್ತಾಳೆ’ ಎಂದ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಈಗ ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡುತ್ತೇನೆ. ಯಾರಾದರೂ ಕೇಳಿದರೆ ಪೂರ್ತಿ ಸತ್ಯವನ್ನೇ ಹೇಳುತ್ತೇನೆ.