ಮರೆಯಲ್ಲಿರುವ ಚಿತ್ತಾರ

ಅಂಗಡಿಯಿಂದ ತಂದ ದಿನ ಒಮ್ಮೆ ಕಣ್ಣಿಗೆ ಬಿದ್ದು, ಅನಂತರ ವರ್ಷಗಟ್ಟಲೆ ಮರೆಯಲ್ಲಿಯೇ ಉಳಿಯುವ ಅಲಂಕಾರವೊಂದು ನಮ್ಮ ಮನೆಗಳಲ್ಲಿ ಉಂಟು: ಹಾಸಿಗೆಯ ಬಟ್ಟೆಯ ಮೇಲಿನ ಹೂಬಳ್ಳಿ. ಅದರ ಮೇಲೆ ಹೊದಿಕೆ ಹಾಸುವುದು ಖಂಡಿತ. ಮಲಗಿದವನು ಕಣ್ಣು ಮುಚ್ಚುವುದೂ ಅಷ್ಟೇ ಖಂಡಿತ. ಹಾಗಿದ್ದರೂ ಅಲ್ಲಿ ಹೂವು ಅರಳಿರುತ್ತದೆ. ದಿಂಬಿನ ಒಳಚೀಲದ ಮೇಲೂ ಅಚ್ಚುಕಟ್ಟಾದ ಪಟ್ಟೆಗಳಿರುತ್ತವೆ. ಯಾರೂ ನೋಡದ ಕಡೆ ಈ ಶ್ರಮವೇಕೆ? ಪ್ರಶ್ನೆ ಲಘುವಾದುದೆಂದು ತೋರಬಹುದು. ಆದರೆ ಇದಕ್ಕೆ ನಾವು ಕೊಡುವ ಉತ್ತರದಲ್ಲಿ ಕೆಲಸವನ್ನು ಕುರಿತ ನಮ್ಮ ಮನೋಧರ್ಮವೇ ಅಡಗಿದೆ.

ವ್ಯವಹಾರಜ್ಞನ ಉತ್ತರ ಸುಲಭ. ಅಂಗಡಿಯಲ್ಲಿ ಹಾಸಿಗೆಗೆ ಹೊದಿಕೆಯಿಲ್ಲ. ಒಳಗಿನ ಹತ್ತಿಯನ್ನೋ ನಾರನ್ನೋ ಬಿಚ್ಚಿ ನೋಡಲಾರದ ಗಿರಾಕಿ, ಕಾಣುವ ಹೂವಿನಿಂದ ಕಾಣದ ಗುಣವನ್ನು ಊಹಿಸುತ್ತಾನೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಮಗ್ಗದಲ್ಲಿ, ಹಾಸಿನ ಯಾವ ಎಳೆ ಮೇಲೇಳಬೇಕೆಂಬುದನ್ನು ತೂತು ಕೊರೆದ ರಟ್ಟುಗಳ ಸಾಲೇ ನಿರ್ಧರಿಸತೊಡಗಿತು. ಚಿತ್ತಾರದ ನೇಯ್ಗೆ ಕ್ರಮೇಣ ಅಗ್ಗವಾಯಿತು. ಒಳತುಂಬು ಸರಿದುಹೋಗದಂತೆ ಹೊಲಿಗೆ ಹಾಕುವುದಂತೂ ಅನಿವಾರ್ಯ; ಆ ಹೊಲಿಗೆಯನ್ನೇ ಎಸಳಿನಂತೆ ಬಾಗಿಸಿದರೆ ಹೆಚ್ಚಿನ ವೆಚ್ಚವೇನೂ ಇಲ್ಲ. ಈ ವಿವರಣೆ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಏಕೆಂದರೆ ಮಾರಾಟದ ಸೋಂಕಿಲ್ಲದ ಕಡೆಯೂ ಮರೆಯ ಅಲಂಕಾರ ಇದೆ.

ಹಬ್ಬದ ದಿನ ಕಲಶವನ್ನಿಡುವ ಮೊದಲು ಗೃಹಿಣಿಯು ರಂಗೋಲಿಯಲ್ಲಿ ಎಂಟೆಸಳಿನ ಪದ್ಮವನ್ನು ಬರೆಯುತ್ತಾಳೆ. ಅದರ ಮೇಲೆ ಅಕ್ಕಿ ಹರವಿದ ತಟ್ಟೆ, ತಟ್ಟೆಯ ಮೇಲೆ ಕಲಶ. ಪದ್ಮ ಮರೆಯಾಯಿತು. ಅಲ್ಲಿ ಗಿರಾಕಿಯೂ ಇಲ್ಲ, ಹೊಗಳುವವರೂ ಇಲ್ಲ. ಆದರೂ ಎಸಳೊಂದು ಓರೆಯಾದರೆ ಆಕೆ ಅಳಿಸಿ ಮತ್ತೆ ಬರೆಯುತ್ತಾಳೆ. ತಟ್ಟೆಯ ಕೆಳಗೆ ಏನಿದೆಯೆಂದು ಊರಿಗೆ ತಿಳಿಯದಿದ್ದರೂ ತನಗೆ ತಿಳಿದಿದೆಯಲ್ಲ!

ಧಾರವಾಡ ಸೀಮೆಯ ಕಸೂತಿಯಲ್ಲಿ ಈ ಭಾವವೇ ಒಂದು ವಿಧಾನವಾಗಿ ನೆಲೆಗೊಂಡಿದೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಹೆಣ್ಣುಮಕ್ಕಳು ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ನಡುನಡುವೆ ಎಡೆ ಬಿಡುತ್ತ ಮುಂದೆ ಹೋಗಿ, ಹೋದ ದಾರಿಯಲ್ಲೇ ಮರಳುವಾಗ ಆ ಎಡೆಗಳನ್ನು ತುಂಬುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಹೀಗಾಗಿ ಮುಮ್ಮೈಯಲ್ಲಿ ಇದ್ದುದೇ ಹಿಮ್ಮೈಯಲ್ಲೂ ಇರುತ್ತದೆ. ಸೀರೆಯ ಹಿಮ್ಮೈ ಉಡುವವಳ ಮೈಗೆ ತಾಗುತ್ತದೆಯೇ ಹೊರತು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಮರೆಯ ಅಂದವೆಂಬುದು ಬೇರೆಯಾಗಿ ಸೇರಿಸಿದ ವಸ್ತುವಲ್ಲ. ಸರಿಯಾಗಿ ಮಾಡಿದ ಕೆಲಸದ ಸಹಜ ಫಲ.

ಇಂದು ಯಂತ್ರದ ಕಸೂತಿ ಇದರ ಮುಮ್ಮೈಯನ್ನು ಚೆನ್ನಾಗಿಯೇ ಅನುಕರಿಸುತ್ತದೆ. ಬಟ್ಟೆಯನ್ನು ಮಗುಚಿದರೆ ಮಾತ್ರ ಅಡಿದಾರದ ತೊಡಕು ಕಾಣಿಸುತ್ತದೆ. ಮಗುಚಿ ನೋಡದ ಗಿರಾಕಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಯಂತ್ರದ ಬೆಲೆಯನ್ನೇ ಕೈಗೂ ಕಟ್ಟುತ್ತಾನೆ. ಎಳೆ ಎಣಿಸಿ ಕಣ್ಣು ಸವೆಸಿದವಳಿಗೆ ಅರ್ಧ ಕೆಲಸದ ಕೂಲಿ ಮಾತ್ರ ಸಲ್ಲುತ್ತದೆ. ಹೀಗೆ ಮುಂದುವರಿದರೆ ಆಕೆಯ ಮಗಳು ಸೂಜಿ ಹಿಡಿಯುವಳೇ?

ಮರೆಯಲ್ಲಿರುವ ಅಲಂಕಾರವೆಲ್ಲ ಪ್ರಾಮಾಣಿಕವೆಂದು ನನ್ನ ವಾದವಲ್ಲ. ಹಾಸಿಗೆಯ ಹೂವು ಕಳಪೆ ಹತ್ತಿಯನ್ನು ಮುಚ್ಚುವುದಕ್ಕೂ ಒದಗಬಹುದು. ಅದು ಕೊಳ್ಳುವವನ ಒಂದು ಗಳಿಗೆಗಾಗಿ ಅರಳಿದ್ದು. ಕಸೂತಿಯ ಹಿಮ್ಮೈಯಾದರೋ ಕೆಲಸದ ಗುಣಕ್ಕೇ ಸಾಕ್ಷಿ. ಈ ಅಂತರವನ್ನು ಅರಿಯುವುದಕ್ಕೆ ದೊಡ್ಡ ಕಲಾಜ್ಞಾನವೇನೂ ಬೇಡ. ಶಾಲೆಯಲ್ಲಿ ಹೊಲಿಗೆಗೆ ಅಂಕ ಕೊಡುವ ಉಪಾಧ್ಯಾಯಿನಿಯೂ, ಅಂಗಡಿಯಲ್ಲಿ ಸೀರೆ ಆರಿಸುವ ಗೃಹಿಣಿಯೂ ಬಟ್ಟೆಯನ್ನು ಒಮ್ಮೆ ಮಗುಚಿ ನೋಡಲಿ. ಎರಡು ಮೈಗಳ ಕೆಲಸಕ್ಕೆ ಎರಡು ಮೈಗಳ ಬೆಲೆಯನ್ನೇ ಕೊಡಲಿ.